ಕುಲುಮೆಯ ಊರು, ಕಾಲೇಜಿನ ಸೀಟು

ಸಾಗರ ರಸ್ತೆಯ ಬಸ್ಸುಗಳು ಶಿವಮೊಗ್ಗ ಪೇಟೆ ಸೇರುವ ಮೊದಲು ಆಲ್ಕೊಳ ದಾಟುತ್ತವೆ. ಸಿಇಟಿ ಸೀಟು ಹಂಚಿಕೆಯ ದಿನಗಳಲ್ಲಿ ಆ ಬಸ್ಸುಗಳಲ್ಲಿ ಒಂದು ಬಗೆಯ ಪ್ರಯಾಣಿಕರು ತಪ್ಪದೆ ಕಾಣುತ್ತಾರೆ. ಪಿಯುಸಿ ಮುಗಿಸಿದ ಒಬ್ಬ ಹುಡುಗಿ ಇಲ್ಲವೇ ಹುಡುಗ, ಪಕ್ಕದಲ್ಲಿ ಅಪ್ಪನೋ ಸೋದರಮಾವನೋ, ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಫೈಲು. ಫೈಲಿನಲ್ಲಿ ಅಂಕಪಟ್ಟಿಗಳ ಜೊತೆಗೆ ತಹಶೀಲ್ದಾರರ ಜಾತಿ-ಆದಾಯ ಪ್ರಮಾಣಪತ್ರ, ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದ್ದಕ್ಕೆ ಬಿಇಓ ರುಜು ಹಾಕಿದ ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದ್ದು ಇನ್ನೊಂದು. ಆ ಮಗುವಿಗೆ ಇವು ಬರೀ ಕಾಗದ. ಆದರೆ ಒಂದೊಂದು ಹಾಳೆಯ ಹಿಂದೆಯೂ ಒಂದು ಜಗಳವಿದೆ, ಒಂದು ಸಮಿತಿಯಿದೆ, ಕೆಲವಕ್ಕೆ ಸುಪ್ರೀಂ ಕೋರ್ಟಿನ ತೀರ್ಪೂ ಇದೆ. ಆ ಜಗಳಗಳ ಮೊದಲ ಅಧ್ಯಾಯ ನಡೆದ ವರ್ಷವೇ ಇಲ್ಲಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಬಿದ್ದದ್ದು. ಎರಡರ ನಡುವೆಯೂ ನಿಂತವರು ಒಬ್ಬರೇ ಮನುಷ್ಯ.

1918. ಮೈಸೂರು ಸಂಸ್ಥಾನದ ದಿವಾನರು ಎಂ. ವಿಶ್ವೇಶ್ವರಯ್ಯ. ಮೈಸೂರು ವಿಶ್ವವಿದ್ಯಾಲಯಕ್ಕೆ ಎರಡು ವರ್ಷ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ ಒಂದೇ ವರ್ಷ ತುಂಬಿತ್ತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸುತ್ತಿದ್ದ ಕಾಲವೂ ಅದೇ. ಓದಿದವರಿಗೆ ಹೊಸ ಯುಗ ಬಂದಂತೆ ಕಂಡಿರಬೇಕು. ಓದಲಾಗದವರು ಲೆಕ್ಕ ಹಾಕತೊಡಗಿದ್ದರು. ಸಂಸ್ಥಾನದ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕು ಪಾಲೂ ಇಲ್ಲದ ಬ್ರಾಹ್ಮಣರ ಕೈಯಲ್ಲಿ ಗೆಜೆಟೆಡ್ ಹುದ್ದೆಗಳ ಸುಮಾರು ಮೂರನೇ ಎರಡು ಪಾಲು ಇತ್ತು. 1917ರಲ್ಲಿ ಹುಟ್ಟಿದ ಬ್ರಾಹ್ಮಣೇತರರ ಸಂಘಟನೆ ಪ್ರಜಾಮಿತ್ರ ಮಂಡಳಿ ಈ ಲೆಕ್ಕವನ್ನು ನೇರವಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಮುಂದಿಟ್ಟಿತು. ಒಡೆಯರು 1918ರ ಆಗಸ್ಟಿನಲ್ಲಿ ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು.

ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಿಂದುಳಿದವರಿಗೆ ಶಾಲೆ ತೆರೆಯಿರಿ, ವಿದ್ಯಾರ್ಥಿವೇತನ ಕೊಡಿ, ಆದರೆ ನೇಮಕದಲ್ಲಿ ಅರ್ಹತೆಯನ್ನು ಬಿಟ್ಟು ಜಾತಿಯನ್ನು ನೋಡಬೇಡಿ ಎಂಬುದು ಅವರ ನಿಲುವು. ಆ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು. ಅದಕ್ಕೆ ಜನ ತಯಾರಾಗಲು ವಿದ್ಯಾರ್ಥಿವೇತನ, ಹಾಸ್ಟೆಲುಗಳು ಬೇಕು. 1921ರಲ್ಲಿ ಸರ್ಕಾರಿ ಆದೇಶವೂ ಹೊರಟಿತು. ಸ್ವಾತಂತ್ರ್ಯಕ್ಕೆ ಇನ್ನೂ ಕಾಲು ಶತಮಾನ ಬಾಕಿ ಇದ್ದಾಗ ಒಂದು ಸಂಸ್ಥಾನ ಇಷ್ಟು ದೂರ ಯೋಚಿಸಿತ್ತು ಎಂದು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದದ್ದೇ. ಆದರೆ ಗಮನಿಸಿ: ಸಮಿತಿಯ ಕಣ್ಣು ಕಚೇರಿಯ ಕುರ್ಚಿಯ ಮೇಲಿತ್ತು. ಅಮಲ್ದಾರಿಕೆ, ಗುಮಾಸ್ತಿಕೆ, ಮುನ್ಸೀಫಗಿರಿ. ಪ್ರಯೋಗಶಾಲೆ, ಯಂತ್ರಶಾಲೆಗಳ ಹಂಚಿಕೆಯ ಪ್ರಶ್ನೆ ಬಿಸಿಯೇರಿದ್ದು ತಡವಾಗಿ.

ಆ ಯಂತ್ರಶಾಲೆ ಬೆಂಕಿಪುರದಲ್ಲಿ ಏಳುತ್ತಿತ್ತು. ಭದ್ರಾ ನದಿಯ ದಂಡೆಯ ಆ ಊರಿಗೆ ಭದ್ರಾವತಿ ಎಂಬ ಹೆಸರು ಬಂದದ್ದು ಆಮೇಲೆ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು, ಇವಿಷ್ಟನ್ನು ನಂಬಿ ಕಟ್ಟಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿಕೊಂಡಿದ್ದು 1923ರ ಜನವರಿಯಲ್ಲಿ. ಅಷ್ಟರಲ್ಲಿ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ನೆಲಕಚ್ಚಿತ್ತು. ಇದೊಂದು ಬಿಳಿಯಾನೆ ಎಂದು ಮೂದಲಿಸಿದವರಿಗೆ ಲೆಕ್ಕವಿಲ್ಲ. ದಿವಾನಗಿರಿ ಬಿಟ್ಟು ಹೋಗಿದ್ದ ವಿಶ್ವೇಶ್ವರಯ್ಯನವರನ್ನೇ ಕರೆತಂದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಕೂರಿಸಿದರು. 1929ರವರೆಗೆ ಅವರು ಅಲ್ಲಿದ್ದರು. ಖರ್ಚು ಕತ್ತರಿಸಿದರು, ದುಬಾರಿ ಅಮೆರಿಕನ್ ತಜ್ಞರ ಜಾಗಕ್ಕೆ ಈ ನೆಲದ ಎಂಜಿನಿಯರುಗಳನ್ನು ತಂದರು, ಸ್ಥಳೀಯರನ್ನು ಕೆಲಸದಲ್ಲೇ ಪಳಗಿಸಿದರು.

ಇಲ್ಲೊಂದು ಸಂಗತಿ. ಭದ್ರಾವತಿಯ ದುಡಿಮೆಗೆ ಸಲ್ಲಬೇಕಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ತಮಗಾಗಿ ಇಟ್ಟುಕೊಳ್ಳಲಿಲ್ಲ. ಬಾಕಿ ಹಣದಲ್ಲಿ ಹುಡುಗರಿಗೆ ಕೈಕಸುಬು, ಯಂತ್ರದ ಕೆಲಸ ಕಲಿಸುವ ಸಂಸ್ಥೆ ತೆರೆಯಿರಿ ಎಂದರು. ತಮ್ಮ ಹೆಸರು ಬೇಡ, ಮಹಾರಾಜರ ಹೆಸರಿಡಿ ಎಂದೂ ಹೇಳಿದರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಈಗ ನಾವು ಎಸ್‌ಜೆಪಿ ಎಂದು ಕರೆಯುವ ಪಾಲಿಟೆಕ್ನಿಕ್, ಹೀಗೆ ಬಂತು. ಡಿಗ್ರಿ ಓದುವ ತಾಕತ್ತಿಲ್ಲದ ಮನೆಗಳ ಎಷ್ಟು ಮಕ್ಕಳು ಅಲ್ಲಿ ಡಿಪ್ಲೊಮಾ ಮಾಡಿ ಬದುಕು ಕಟ್ಟಿಕೊಂಡರೋ! ಮೀಸಲಾತಿಯನ್ನು ಒಪ್ಪದೆ ಎದ್ದುಹೋದ ಮನುಷ್ಯನ ಸಂಬಳ, ಮೀಸಲಾತಿ ಯಾರಿಗಾಗಿ ಬೇಕೆಂದು ಮಿಲ್ಲರ್ ಹೇಳಿದ್ದರೋ ಅಂಥವರ ಮನೆಯ ಮಕ್ಕಳಿಗೂ ಲೇತ್ ಮೆಷೀನಿನ ಮುಂದೆ ಜಾಗ ಕೊಟ್ಟಿತು. ವಿಶ್ವೇಶ್ವರಯ್ಯನವರನ್ನು ಪೂಜಿಸುವವರೂ ಬೈಯುವವರೂ ಈ ಎರಡರಲ್ಲಿ ಒಂದೊಂದನ್ನೇ ಹಿಡಿದುಕೊಂಡು ಕೂತಿದ್ದಾರೆ. ಶಿಕ್ಷಣಕ್ಕೆ ದುಡ್ಡು ಬೇಕು ಎಂಬ ವಿಷಯದಲ್ಲಿ ವಿಶ್ವೇಶ್ವರಯ್ಯನವರು ಸರಿ. ದುಡ್ಡೊಂದೇ ಸಾಕು ಎಂಬಲ್ಲಿ ತಪ್ಪು. ಬಾಗಿಲು ತೆರೆದಿರದಿದ್ದರೆ ವಿದ್ಯಾರ್ಥಿವೇತನ ಹಿಡಿದುಕೊಂಡು ಹುಡುಗ ಎಲ್ಲಿ ನಿಲ್ಲಬೇಕು?

ಬಾಗಿಲೂ ದುಡ್ಡೂ ಎರಡೂ ಬೇಕೆಂದು, ಅದರಲ್ಲೂ ವಿಜ್ಞಾನಕ್ಕೇ ಬೇಕೆಂದು, ಸ್ಪಷ್ಟವಾಗಿ ಕೇಳಿದವರು ಅಂಬೇಡ್ಕರ್. 1942ರಲ್ಲಿ ವೈಸ್‌ರಾಯರ ಕಾರ್ಯಕಾರಿ ಮಂಡಳಿಗೆ ಕಾರ್ಮಿಕ ಸದಸ್ಯರಾಗಿ ಸೇರಿದ ಕೆಲವೇ ತಿಂಗಳಿಗೆ, ಅಕ್ಟೋಬರಿನಲ್ಲಿ, ಲಾರ್ಡ್ ಲಿನ್‌ಲಿತ್‌ಗೋಗೆ ಅವರು ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಒಂದು ಮನವಿ ಕೊಟ್ಟರು. ಅದರಲ್ಲಿ ವಿಶ್ವವಿದ್ಯಾಲಯಗಳಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಓದುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ವರ್ಷಕ್ಕೆ 2 ಲಕ್ಷ ರೂಪಾಯಿ, ಅದೇ ವಿಷಯಗಳನ್ನು ವಿದೇಶದಲ್ಲಿ ಓದಲು 1 ಲಕ್ಷ ಕೇಳಿದ್ದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೂ ಅಲೀಗಢಕ್ಕೂ ಸರ್ಕಾರ ತಲಾ 3 ಲಕ್ಷ ಕೊಡುತ್ತಿರುವಾಗ ಇವರಿಗೇಕಿಲ್ಲ ಎಂಬುದು ವಾದ. ಹಣ ಮಂಜೂರಾಯಿತು. 1944ರಲ್ಲಿ ಶುರುವಾದ ಆ ಯೋಜನೆಯೇ ಇಂದಿನ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಶಿವಮೊಗ್ಗದ ಯಾವ ಕಾಲೇಜಿನ ಗುಮಾಸ್ತರನ್ನು ಕೇಳಿದರೂ ಅದರ ಅರ್ಜಿಯ ಗೋಳು ಹೇಳುತ್ತಾರೆ. ಅದು ಹುಟ್ಟಿದ್ದು ಹೇಗೆಂದು ಹೇಳುವವರು ಕಡಿಮೆ.

ಹೆಣ್ಣುಮಕ್ಕಳ ಕಥೆ ಇನ್ನೂ ತೆಳು. ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜೇಶ್ವರಿ ಚಟರ್ಜಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು, ಡಾಕ್ಟರೇಟ್ ಮಾಡಿ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರ ಹೆಸರು ಹೇಳುತ್ತಾರೆ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜ ಕಟ್ಟಿದವರು. ಅಂಥ ಅಜ್ಜಿ ಇದ್ದ ಮನೆಗಳು ಎಷ್ಟಿದ್ದವು?

ಸ್ವತಂತ್ರ ಭಾರತದಲ್ಲಿ ಮೀಸಲಾತಿಯ ಮೊದಲ ದೊಡ್ಡ ಮೊಕದ್ದಮೆಗಳಲ್ಲಿ ಹಲವು ಸುತ್ತಿದ್ದು ಎರಡೇ ಬಗೆಯ ಕಾಲೇಜುಗಳ ಸುತ್ತ: ಮೆಡಿಕಲ್ ಮತ್ತು ಎಂಜಿನಿಯರಿಂಗ್. 1951ರ ಮದರಾಸಿನ ಚಂಪಕಂ ದೊರೈರಾಜನ್ ಪ್ರಕರಣದಿಂದ ಸಂವಿಧಾನಕ್ಕೆ ಮೊದಲ ತಿದ್ದುಪಡಿಯೇ ಬಂತು, 15(4)ನೇ ವಿಧಿ ಸೇರಿತು. ನಮ್ಮ ಸರದಿ ಹತ್ತು ವರ್ಷ ಕಳೆದು ಬಂತು. ಏಕೀಕರಣವಾದ ಮೈಸೂರು ರಾಜ್ಯ ಯಾರು ಹಿಂದುಳಿದವರೆಂದು ಗುರುತಿಸಲು ಡಾ. ಆರ್. ನಾಗನಗೌಡರ ಸಮಿತಿ ನೇಮಿಸಿತು. ಸಮಿತಿ ಹಿಡಿದ ಅಳತೆಗೋಲು ಹೈಸ್ಕೂಲು. ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಮುದಾಯದ ಸಾವಿರ ಜನಕ್ಕೆ ಎಷ್ಟು ಮಕ್ಕಳು ಓದುತ್ತಿದ್ದಾರೆ? ರಾಜ್ಯದ ಸರಾಸರಿ 6.9. ಲಿಂಗಾಯತರದು 7.1. ಆ ದಶಮಾಂಶದ ಸುತ್ತ ನಡೆದ ರಾಜಕೀಯ ಒಂದು ಪುಸ್ತಕಕ್ಕಾಗುವಷ್ಟಿದೆ. 1962ರ ಜುಲೈ 31ರಂದು ಸರ್ಕಾರ ಹೊರಡಿಸಿದ ಆದೇಶದಲ್ಲಿ ಎಂಜಿನಿಯರಿಂಗ್ ಮತ್ತು ಮೆಡಿಕಲ್ ಸೀಟುಗಳ ಪೈಕಿ ಹಿಂದುಳಿದವರಿಗೆ ಶೇ. 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3, ಒಟ್ಟು 68 ಮೀಸಲು.

ಎರಡು ತಿಂಗಳಲ್ಲಿ ಅದು ಬಿದ್ದುಹೋಯಿತು. ಎಂ.ಆರ್. ಬಾಲಾಜಿ ವಿರುದ್ಧ ಮೈಸೂರು ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸೆಪ್ಟೆಂಬರ್ 28ರಂದು ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ಆ ತೀರ್ಪು, ಜಾತಿಯೊಂದೇ ಅಳತೆಯಾಗಬಾರದು, ಮೀಸಲು ಸ್ಥೂಲವಾಗಿ ಅರ್ಧದೊಳಗಿರಬೇಕು ಎಂದಿತು. ಇವತ್ತಿಗೂ ದೇಶದ ಎಲ್ಲ ಮೀಸಲಾತಿ ವಾದಗಳಲ್ಲಿ ಬಂದು ನಿಲ್ಲುವ ಐವತ್ತರ ಗೆರೆಯನ್ನು ಎಳೆದದ್ದು ಮೈಸೂರಿನ ಎಂಜಿನಿಯರಿಂಗ್-ಮೆಡಿಕಲ್ ಸೀಟುಗಳ ಮೇಲೆ. ಆಮೇಲೆ ಸರ್ಕಾರ ಜಾತಿಯನ್ನೇ ಬದಿಗಿಟ್ಟು ಹೊಸ ಲೆಕ್ಕ ತಂದಿತು. ವರ್ಷಕ್ಕೆ 1,200 ರೂಪಾಯಿಗಿಂತ ಹೆಚ್ಚು ಆದಾಯವಿಲ್ಲದ ಕುಟುಂಬ, ಕಸುಬು ಇವುಗಳಲ್ಲಿ ಒಂದು: ಸ್ವತಃ ಉಳುವವನು, ಕುಶಲಕರ್ಮಿ, ಸಣ್ಣ ವ್ಯಾಪಾರಿ, ನಾಲ್ಕನೇ ದರ್ಜೆ ನೌಕರ, ಮೈಮುರಿದು ದುಡಿಯುವ ಇತರರು. ಇಂಥವರಿಗೆ ಶೇ. 30. 1964ರ ಚಿತ್ರಲೇಖಾ ಪ್ರಕರಣದಲ್ಲಿ ಕೋರ್ಟು ಇದನ್ನು ಒಪ್ಪಿತು. ಇವತ್ತಿನ ಆದಾಯ ಪ್ರಮಾಣಪತ್ರದ ಅಜ್ಜಿ ಈ ಆದೇಶ ಎನ್ನಲಡ್ಡಿಯಿಲ್ಲ.

ಕೋರ್ಟಿನಲ್ಲಿ ಶೇಕಡಾವಾರು ಚರ್ಚೆ ನಡೆಯುತ್ತಿದ್ದಾಗ ಶಿವಮೊಗ್ಗದ ಹುಡುಗನ ಪಾಡೇನು? ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. 1951ರಲ್ಲಿ ಶುರುವಾದ ದಾವಣಗೆರೆಯ ಬಿಡಿಟಿ ಕಾಲೇಜು ಹತ್ತಿರದ್ದು. 1960ರಲ್ಲಿ ಹಾಸನದ ಮಲೆನಾಡು ಕಾಲೇಜು, ಅದೇ ವರ್ಷ ಸುರತ್ಕಲ್ಲಿನ ಕೆಆರ್‌ಇಸಿ. ಇಲ್ಲದಿದ್ದರೆ ಬೆಂಗಳೂರು, ಮೈಸೂರು. ಸೀಟು ಸಿಕ್ಕರೂ ರೂಮಿನ ಬಾಡಿಗೆ, ಮೆಸ್ಸಿನ ದುಡ್ಡು, ಡ್ರಾಯಿಂಗ್ ಬೋರ್ಡು, ಊರಿಗೆ ಹೋಗಿಬರುವ ಬಸ್ಸಿನ ಚಾರ್ಜು. 1,200 ರೂಪಾಯಿ ವರಮಾನದ ಮನೆ ಇದನ್ನೆಲ್ಲ ಎಲ್ಲಿಂದ ತರಬೇಕು? ಆದೇಶ ಅದನ್ನು ಕೇಳಿಕೊಂಡಿರಲಿಲ್ಲ. ನೂರು ವರ್ಷಗಳ ಈ ಇತಿಹಾಸದಲ್ಲಿ ಮತ್ತೆ ಮತ್ತೆ ಆಗಿರುವುದು ಇದೇ: ಸೀಟನ್ನು ಒಂದು ಇಲಾಖೆ ಕೊಡುತ್ತದೆ, ಹುಡುಗನ ಊಟದ ದುಡ್ಡನ್ನು ಇನ್ನೊಂದು, ಅವನಿಗೆ ಪಾಠ ಹತ್ತಿಸಬೇಕಾದ ಕಾಲೇಜಿಗೆ ಯಾರೂ ಏನೂ ಕೊಡುವುದಿಲ್ಲ.

ಭದ್ರಾವತಿ ಇದಕ್ಕೆ ಸ್ವಲ್ಪ ಮಟ್ಟಿಗೆ ಹೊರತಾಗಿತ್ತು. 1930ರ ದಶಕದಲ್ಲಿ ಕಾರ್ಖಾನೆಗೆ ಉಕ್ಕು ಸೇರಿತು, 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು. ನ್ಯೂ ಟೌನ್, ಪೇಪರ್ ಟೌನ್ ಎಂದು ಎರಡು ಊರುಗಳೇ ಬೆಳೆದವು. ಕ್ವಾರ್ಟರ್ಸು, ಕಂಪನಿಯ ಶಾಲೆ, ತಿಂಗಳಿಗೆ ಖಾತ್ರಿ ಸಂಬಳ. ಕುಲುಮೆಯ ಮುಂದೆ ನಿಂತ ಅಪ್ಪ ಎಸ್ಸೆಸ್ಸೆಲ್ಸಿ ಫೇಲಾಗಿದ್ದರೂ ಯಂತ್ರ ಎಂದರೇನೆಂದು ಮಗನಿಗೆ ಗೊತ್ತಿತ್ತು. ಶಿಫ್ಟು, ಫೋರ್‌ಮನ್, ಅಪ್ರೆಂಟಿಸ್ ಎಂಬ ಮಾತುಗಳು ಮನೆಯೊಳಗೇ ಓಡಾಡುತ್ತಿದ್ದವು. ತಮಿಳು, ತೆಲುಗು, ಉರ್ದು, ಕನ್ನಡ ಬೆರೆತ ಆ ಕಾಲೊನಿಗಳಿಂದ ಡಿಪ್ಲೊಮಾ, ಬಿಇ ಮಾಡಿದ ಮೊದಲ ತಲೆಮಾರು ಹೊರಟಿದ್ದರೆ ಅದಕ್ಕೆ ಮೀಸಲಾತಿಯಷ್ಟೇ ಆ ಸಂಬಳದ ದಿನವೂ ಕಾರಣ. ಸರ್ಕಾರಿ ಕಾರ್ಖಾನೆಯ ಲಾಭನಷ್ಟ ಬರೆಯುವವರು ಈ ಬಾಬನ್ನು ಯಾವ ಕಲಮಿಗೂ ಹಾಕಲಿಲ್ಲ.

ಆಲ್ಕೊಳದಾಚೆಯ ಮಲೆನಾಡಿನಲ್ಲಿ ಹಾಗಿರಲಿಲ್ಲ. ಅಲ್ಲಿ ಮೊದಲು ಬಗೆಹರಿಯಬೇಕಾದದ್ದು ನೆಲ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ದೀವರ ಗೇಣಿದಾರರು ಸತ್ಯಾಗ್ರಹ ಹೂಡಿದರು. ಅವರ ಬೆನ್ನಿಗೆ ನಿಂತ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಮರುವರ್ಷ ವಿಧಾನಸಭೆಗೆ ಆಯ್ಕೆಯಾದರು; ಆಲ್ಕೊಳಕ್ಕೆ ಹತ್ತಿರದ ಗೋಪಾಲಗೌಡ ಬಡಾವಣೆ ಅವರ ಹೆಸರಿನದು. ಉಳುವವನಿಗೆ ಭೂಮಿ ನಿಜವಾಗಿ ಸಿಕ್ಕಿದ್ದು 1974ರ ಭೂಸುಧಾರಣೆಯ ನಂತರ, ದೇವರಾಜ ಅರಸರ ಕಾಲದಲ್ಲಿ. ಈ ನಡುವೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು. ಆ ನೀರಿನಿಂದ ಬಂದ ಕರೆಂಟು ಬೆಂಗಳೂರಿನ ಕಾರ್ಖಾನೆಗಳಿಗೂ ಹೋಯಿತು. ಮುಳುಗಡೆಯಾದವರು ಜಿಲ್ಲೆಯ ಮೂಲೆ ಮೂಲೆಯ ಕಾಡಂಚಿಗೆ ಬಂದು ಬಿದ್ದರು, ಹಲವರ ಜಮೀನಿನ ಹಕ್ಕುಪತ್ರದ ಗೋಜಲು ಇನ್ನೂ ಮುಗಿದಿಲ್ಲ. ಎಂಜಿನಿಯರಿಂಗಿಗೆ ನೆಲ ಕೊಟ್ಟವರ ಮಕ್ಕಳಿಗೆ ಎಂಜಿನಿಯರಿಂಗ್ ಸೀಟು ತಲುಪಲು ಒಂದಿಡೀ ತಲೆಮಾರು ಬೇಕಾಯಿತು.

ಅರಸರು ಮುಖ್ಯಮಂತ್ರಿಯಾದ 1972ರಲ್ಲೇ ಎಲ್.ಜಿ. ಹಾವನೂರರ ಆಯೋಗ ನೇಮಕವಾಯಿತು. 1975ರಲ್ಲಿ ಬಂದ ವರದಿ 1977ರಲ್ಲಿ ಜಾರಿಯಾಯಿತು. ಮನೆಮನೆಯ ಸಮೀಕ್ಷೆ, ಎಸ್ಸೆಸ್ಸೆಲ್ಸಿ ಫಲಿತಾಂಶಗಳ ಜಾತಿವಾರು ಲೆಕ್ಕ, ಇಂಥ ಕೆಲಸ ಅದಕ್ಕೆ ಮುಂಚೆ ದೇಶದಲ್ಲಿ ಹೆಚ್ಚು ನಡೆದಿರಲಿಲ್ಲ. ವರದಿಯನ್ನು ಹೊಗಳುವವರು ಸಾಮಾನ್ಯವಾಗಿ ಶೇಕಡಾವಾರು ಪಟ್ಟಿಯನ್ನು ಹೊಗಳುತ್ತಾರೆ. ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ಕೆಲಸ ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಪ್ರತ್ಯೇಕ ಇಲಾಖೆ (ಬಿಸಿಎಂ) ಹುಟ್ಟಿದ್ದು, ಅದರ ಬಾಲಕ್ಕೆ ಊರೂರಲ್ಲಿ ಹಾಸ್ಟೆಲುಗಳು ಬಂದದ್ದು. ಬಿಸಿಎಂ ಹಾಸ್ಟೆಲಿನ ನೀರುಸಾರನ್ನು ಅಲ್ಲಿ ಉಂಡ ಎಲ್ಲರೂ ಗೇಲಿ ಮಾಡುತ್ತಾರೆ. ಆದರೆ ಆ ಅನ್ನವಿಲ್ಲದಿದ್ದರೆ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನ ಬಿಎಸ್‌ಸಿ ಬೆಂಚುಗಳಲ್ಲಿ ಎಷ್ಟೋ ಜಾಗ ಖಾಲಿ ಉಳಿಯುತ್ತಿತ್ತು.

1980ರಲ್ಲಿ ರಾಷ್ಟ್ರೀಯ ಶಿಕ್ಷಣ ಸಮಿತಿ, 1946ರಿಂದ ಶಿವಮೊಗ್ಗದಲ್ಲಿ ಶಾಲೆ ಕಾಲೇಜು ನಡೆಸುತ್ತಿದ್ದ ಸಂಸ್ಥೆ, ಜವಾಹರಲಾಲ್ ನೆಹರೂ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಜೆಎನ್‌ಎನ್‌ಸಿಇ ಬಂದ ಮೇಲೆ ಜಿಲ್ಲೆಯ ಹುಡುಗ ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗಿ ಎಂಜಿನಿಯರ್ ಆಗಬಹುದು ಎಂಬ ಕಾಲ ಬಂತು. ಹೆಣ್ಣುಮಕ್ಕಳ ಮಟ್ಟಿಗೆ ಇದು ಇನ್ನೂ ದೊಡ್ಡದು. ದಾವಣಗೆರೆಗೆ ಕಳಿಸಲೊಲ್ಲದ ಅಪ್ಪ ಈ ಕಾಲೇಜಿರುವ ನವುಲೆಗೆ ಕಳಿಸಿಯಾನು. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿ ನೆಲೆಗೊಂಡಿತು, 2007ರಲ್ಲಿ ಸಾಗರ ರಸ್ತೆಯಲ್ಲಿ ಪಿಇಎಸ್ ಕಾಲೇಜು ಬಂತು.

ಆದರೆ ಎಂಬತ್ತರ ದಶಕ ಕರ್ನಾಟಕದಲ್ಲಿ ಖಾಸಗಿ ಕಾಲೇಜುಗಳ ಸುಗ್ಗಿಯ ಕಾಲವೂ ಹೌದು, ಡೊನೇಷನ್ನಿನ ಕಾಲವೂ ಹೌದು. ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯ್ದೆ 1984ರಲ್ಲಿ ಬಂದರೂ ಹಣ ಬೇರೆ ಬೇರೆ ಬಾಗಿಲಿನಿಂದ ಒಳಗೆ ಹೋಗುತ್ತಿತ್ತು. 1992ರ ಮೋಹಿನಿ ಜೈನ್, 1993ರ ಉನ್ನಿಕೃಷ್ಣನ್ ತೀರ್ಪುಗಳು ಇದಕ್ಕೆ ಕಡಿವಾಣ ಹಾಕಿದವು. ಉನ್ನಿಕೃಷ್ಣನ್ ಸೂತ್ರದಲ್ಲಿ ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು. ಉಳ್ಳವನ ಶುಲ್ಕ ಇಲ್ಲದವನ ಶುಲ್ಕದ ಭಾರ ಹೊರುತ್ತದೆ. ವೀರಪ್ಪ ಮೊಯಿಲಿ ಮುಖ್ಯಮಂತ್ರಿಯಾಗಿದ್ದಾಗ 1994ರಲ್ಲಿ ಸಿಇಟಿ ಶುರುವಾಯಿತು. ಒಂದೇ ಪರೀಕ್ಷೆ, ಒಂದೇ ರ್‍ಯಾಂಕ್ ಪಟ್ಟಿ, ಎಲ್ಲರೆದುರು ಸೀಟು ಆಯ್ಕೆ. ಸಂದರ್ಶನದ ಅಂಕವಿಲ್ಲ, ಯಾರ ಚೀಟಿಯೂ ಬೇಕಿಲ್ಲ. ಈ ರಾಜ್ಯದ ಬಡ ವಿದ್ಯಾರ್ಥಿಗೆ ಒಂದು ಸರ್ಕಾರ ಮಾಡಿದ ಅತಿದೊಡ್ಡ ಉಪಕಾರ ಯಾವುದೆಂದು ಕೇಳಿದರೆ ನಾನು ಸಿಇಟಿಯ ಹೆಸರು ಹೇಳುತ್ತೇನೆ. ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಎಂಬ ಒಳಮೀಸಲೂ ಸೇರಿಕೊಂಡಿತು. ಹಳ್ಳಿಯ ಕನ್ನಡ ಶಾಲೆಯೂ ಒಂದು ಬಗೆಯ ಹಿಂದುಳಿದಿರುವಿಕೆ ಎಂದು ಸರ್ಕಾರ ಮೊದಲ ಸಲ ಕಾಗದದ ಮೇಲೆ ಒಪ್ಪಿಕೊಂಡ ಹಾಗಾಯಿತು. 2002ರ ಟಿಎಂಎ ಪೈ, 2005ರ ಇನಾಂದಾರ್ ತೀರ್ಪುಗಳು ಉನ್ನಿಕೃಷ್ಣನ್ ಸೂತ್ರವನ್ನು ಕಿತ್ತುಹಾಕಿದವು. ಖಾಸಗಿ ಕಾಲೇಜುಗಳೊಂದಿಗೆ ಸರ್ಕಾರ ಸೀಟಿನ ಪಾಲಿಗೂ ಶುಲ್ಕಕ್ಕೂ ಚೌಕಾಸಿಗೆ ಕೂರುವುದು ಅಲ್ಲಿಂದೀಚೆಗೆ ವರ್ಷಾವಧಿ ಜಾತ್ರೆ.

ಸೀಟು ಸಿಕ್ಕ ಮೇಲೆ ಏನಾಗುತ್ತದೆ? ಹತ್ತನೇ ತರಗತಿವರೆಗೆ ಬೀಜಗಣಿತ, ಗುರುತ್ವ, ಸಂಯೋಗ ಎಂದು ಓದಿದ ಮಗು ಪಿಯುಸಿಯಲ್ಲಿ ಒಂದೇಟಿಗೆ ಇಂಗ್ಲಿಷಿಗೆ ಬೀಳುತ್ತದೆ. ಹೇಗೋ ಈಜಿ ದಡ ಸೇರಿದರೆ ಎಂಜಿನಿಯರಿಂಗಿನ ಮೊದಲ ಸೆಮಿಸ್ಟರಿನ ಗಣಿತ. ಅಲ್ಲಿ ಒಂದೆರಡು ವಿಷಯ ಬಾಕಿ ಉಳಿದರೆ ಸಾಕು, ತಲೆ ತಗ್ಗುತ್ತದೆ. ಇಂಥ ಮಕ್ಕಳಿಗೆ ಸಂಜೆ ಒಂದು ಗಂಟೆ ಹೆಚ್ಚಿಗೆ ಪಾಠ ಹೇಳಲು ಮೇಷ್ಟರು ಬೇಕು, ಮೇಷ್ಟರಿಗೆ ದುಡ್ಡು ಬೇಕು. ಅಂದರೆ ಹಣ ವಿದ್ಯಾರ್ಥಿಯ ಖಾತೆಗೆ ಬಂದರಷ್ಟೇ ಸಾಲದು, ಕಾಲೇಜಿಗೂ ಬರಬೇಕು, ಇಂಥವರನ್ನು ದಡ ಮುಟ್ಟಿಸಿ ಎಂಬ ಷರತ್ತಿನೊಂದಿಗೆ.

ಅಮೆರಿಕದಲ್ಲಿ ಈ ದಾರಿ ಹಳೆಯದು. 1890ರ ಎರಡನೇ ಮೊರಿಲ್ ಕಾಯ್ದೆ, ಕಪ್ಪು ಜನರನ್ನು ತಮ್ಮ ಕಾಲೇಜಿಗೆ ಸೇರಿಸದ ರಾಜ್ಯಗಳು ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳ ಅನುದಾನದಲ್ಲಿ ಅವರಿಗೂ ಪಾಲು ಕೊಡಬೇಕೆಂದಿತು. ಪ್ರತ್ಯೇಕತೆಯನ್ನು ಒಪ್ಪಿಕೊಂಡ ಕಾಯ್ದೆ ಅದು, ಹೊಗಳುವಂಥದ್ದಲ್ಲ; ಆದರೂ ಕಾಲೇಜುಗಳು ಎದ್ದವು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1991ರಲ್ಲಿ ಕಾಲೇಜುಗಳ ಕೂಟಗಳಿಗೇ ಹಣ ಕೊಟ್ಟು ಅಲ್ಪಸಂಖ್ಯಾತ ವಿದ್ಯಾರ್ಥಿಗಳನ್ನು ವಿಜ್ಞಾನ, ಎಂಜಿನಿಯರಿಂಗ್ ಪದವಿಯವರೆಗೆ ಮುಟ್ಟಿಸುವ ಯೋಜನೆ ಶುರುಮಾಡಿತು. ಅವರಿಗೆ ಸೀಟಿನ ಮೀಸಲು ಇಲ್ಲ, ಕಾಲೇಜಿಗೆ ಹಣವಿದೆ. ನಮಗೆ ಸೀಟಿನ ಮೀಸಲಿದೆ, ಕಾಲೇಜಿಗೆ ಹಣವಿಲ್ಲ. ಎರಡನ್ನೂ ಒಂದೆಡೆ ಕಟ್ಟಿದ್ದು ಕಾಣಸಿಗುವುದು ಅಪರೂಪ.

ನಮ್ಮಲ್ಲಿ ಅದರ ಹತ್ತಿರಕ್ಕೆ ಬಂದದ್ದು ವಿಶ್ವಬ್ಯಾಂಕಿನ ಸಾಲದ ಯೋಜನೆಗಳು. 1990ರಲ್ಲಿ ಶುರುವಾದ ಪಾಲಿಟೆಕ್ನಿಕ್‌ಗಳ ಸುಧಾರಣೆಯ ಮೊದಲ ಯೋಜನೆಯಲ್ಲಿ ಕರ್ನಾಟಕವೂ ಇತ್ತು. ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚಿಸುವುದು ಅದರ ಗುರಿಗಳಲ್ಲೊಂದು. ಎಂಜಿನಿಯರಿಂಗ್ ಕಾಲೇಜುಗಳಿಗೆ 2003ರಲ್ಲಿ ಟೆಕ್ವಿಪ್ ಎಂಬ ಯೋಜನೆ ಬಂತು, 2010ರಲ್ಲಿ ಎರಡನೇ ಹಂತ, 2017ರಲ್ಲಿ ಮೂರನೇ ಹಂತ. ಎರಡನೇ ಹಂತದಲ್ಲಿ ಹಣ ಪಡೆಯುವ ಪ್ರತಿ ಕಾಲೇಜೂ ಸಮಾನತೆಯ ಕಾರ್ಯಯೋಜನೆಯೊಂದನ್ನು ಬರೆದುಕೊಡಬೇಕಿತ್ತು: ಹಿಂದೆ ಬಿದ್ದ ವಿದ್ಯಾರ್ಥಿಗಳನ್ನು ಗುರುತಿಸಿ ಪೂರಕ ಪಾಠ, ಭಾಷೆಯ ತರಬೇತಿ, ಪರಿಶಿಷ್ಟ ಜಾತಿ ಪಂಗಡದವರಿಗೂ ಹೆಣ್ಣುಮಕ್ಕಳಿಗೂ ವಿಶೇಷ ಗಮನ. ಎಷ್ಟೋ ಕಡೆ ಇದು ವರದಿಯ ಹಾಳೆಯಲ್ಲೇ ಮುಗಿದಿರಬಹುದು. ಆದರೂ 'ನಿಮ್ಮಲ್ಲಿ ಸೇರಿದ ಈ ಮಕ್ಕಳಲ್ಲಿ ಎಷ್ಟು ಮಂದಿ ಪಾಸಾಗಿ ಹೊರಹೋದರು' ಎಂದು ದುಡ್ಡು ಕೊಟ್ಟವರು ಕಾಲೇಜನ್ನು ಕೇಳಿದ್ದರು. 2021ರಲ್ಲಿ ಟೆಕ್ವಿಪ್ ಮುಗಿಯಿತು, ಕೇಳುವವರೂ ಹೋದರು.

ಉಳಿದದ್ದು ವಿದ್ಯಾರ್ಥಿಯ ಖಾತೆಗೆ ಬರುವ ಹಣ. ಅದೂ ಬಗೆಬಗೆಯದು. ಕೇಂದ್ರದ ಇನ್‌ಸ್ಪೈರ್‌ನಲ್ಲಿ ಮೂಲವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ, ಎಐಸಿಟಿಇಯ ಪ್ರಗತಿಯಲ್ಲಿ ಎಂಜಿನಿಯರಿಂಗ್ ಹುಡುಗಿಯರಿಗೆ 50,000, ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿಯಲ್ಲಿ ತಿಂಗಳ ಸಹಾಯಧನ. ಶುಲ್ಕವಿನಾಯಿತಿಯ ಎಸ್‌ಎನ್‌ಕ್ಯೂ ಸೀಟುಗಳು ಬೇರೆ. ಅಂಬೇಡ್ಕರ್ ಕೇಳಿ ತಂದ ಹಳೆಯ ವಿದ್ಯಾರ್ಥಿವೇತನಕ್ಕೆ ಕೇಂದ್ರ ತನ್ನ ಪಾಲನ್ನು ತಗ್ಗಿಸುತ್ತ ಬಂದಿತ್ತು. ರಾಜ್ಯಗಳು ಗೊಣಗಿದ ಮೇಲೆ 2020ರ ಡಿಸೆಂಬರಿನಲ್ಲಿ ಐದು ವರ್ಷಕ್ಕೆ ಒಟ್ಟು 59,048 ಕೋಟಿ ರೂಪಾಯಿಯ ಯೋಜನೆ, ಅದರಲ್ಲಿ ಶೇ. 60 ಕೇಂದ್ರದ್ದು ಎಂದು ತೀರ್ಮಾನವಾಯಿತು. ಹಣ ಈಗ ಆಧಾರ್ ಜೋಡಿಸಿದ ಖಾತೆಗೆ ನೇರವಾಗಿ ಬರುತ್ತದೆ, ಬಂದದ್ದನ್ನು ವಿದ್ಯಾರ್ಥಿಯೇ ಕಾಲೇಜಿಗೆ ಕಟ್ಟಬೇಕು. ನಡುವಿನವರು ತಿನ್ನುವುದು ತಪ್ಪಿತು, ನಿಜ. ಆದರೆ ಬರುವ ತನಕ? ಕಾಲೇಜು ಶುರುವಾಗುವುದು ಒಂದು ಕಾಲಕ್ಕೆ, ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನ ಹಣ ಬರುವುದು ಇನ್ನೊಂದು ಕಾಲಕ್ಕೆ. ಆಧಾರ್ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೆ ಮತ್ತೊಂದು ಕಾಲಕ್ಕೆ. ಆ ತಿಂಗಳುಗಳಲ್ಲಿ ಒಡವೆ ಅಡವಿಗೆ ಹೋಗುತ್ತದೆ, ಇಲ್ಲವೇ ಹುಡುಗ ಕಾಲೇಜು ಬಿಟ್ಟು ಕೆಲಸಕ್ಕೆ ಹೋಗುತ್ತಾನೆ.

ರಾಜ್ಯದ ಬೊಕ್ಕಸದಲ್ಲಿ ಹಣವಿಲ್ಲ ಎನ್ನುವಂತಿಲ್ಲ. ಪರಿಶಿಷ್ಟರ ಜನಸಂಖ್ಯೆಗೆ ತಕ್ಕಂತೆ ಅಭಿವೃದ್ಧಿ ಹಣದ ಶೇ. 24.1ನ್ನು ಅವರಿಗೇ ತೆಗೆದಿಡಬೇಕೆಂಬ ಕಾಯ್ದೆಯನ್ನು ಕರ್ನಾಟಕ 2013ರಲ್ಲಿ ತಂದಿತು. ಅದರ 7(ಡಿ) ಕಲಮು ಹಿಡಿದು ಎಲ್ಲರಿಗೂ ಆಗುವ ರಸ್ತೆ, ನೀರಾವರಿಗಳಿಗೂ ಅದೇ ಹಣ ಬಳಸಿದರು. 2023ರಲ್ಲಿ ಆ ಕಲಮನ್ನು ಕಿತ್ತರು. ಅದೇ ವರ್ಷ ಪರಿಶಿಷ್ಟರ ಆ ಹಣದಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹೋಯಿತು. ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರಲ್ಲ ಎಂಬುದು ಸರ್ಕಾರದ ಸಮಜಾಯಿಷಿ. ಒಪ್ಪೋಣ. ಆದರೆ ಅದರ ಒಂದು ಸಣ್ಣ ಪಾಲು ಎಂಜಿನಿಯರಿಂಗ್ ಕಾಲೇಜುಗಳ ಮೊದಲ ವರ್ಷದ ಪೂರಕ ತರಗತಿಗಳಿಗೆ ಹೋಗಿದ್ದರೆ ಅಂಬೇಡ್ಕರ್ 1942ರಲ್ಲಿ ಕೇಳಿದ್ದಕ್ಕೆ ಅದೇ ಹೆಚ್ಚು ಹತ್ತಿರವಾಗುತ್ತಿತ್ತು. 2022ರಲ್ಲಿ ಪರಿಶಿಷ್ಟ ಜಾತಿಯ ಮೀಸಲು 17ಕ್ಕೆ, ಪಂಗಡದ್ದು 7ಕ್ಕೆ ಏರಿ ಒಟ್ಟು 56 ಆಯಿತು. ಬಾಲಾಜಿ ತೀರ್ಪಿನ ಗೆರೆಯನ್ನು ಅರವತ್ತು ವರ್ಷದ ನಂತರ ಮತ್ತೆ ದಾಟಿದ್ದೇವೆ. ಸೀಟು ಹೆಚ್ಚಿಸಲು ಹೊಸ ಕಾಯ್ದೆ ಸಾಕು, ಖರ್ಚು ಕಡಿಮೆ. ಆದ್ದರಿಂದಲೇ ಎಲ್ಲ ಪಕ್ಷಗಳಿಗೂ ಅದು ಇಷ್ಟ.

ಇತ್ತ ಭದ್ರಾವತಿಯ ಆಸರೆ ಸಡಿಲವಾಗಿದೆ. ಕಾಗದ ಕಾರ್ಖಾನೆ 2015ರ ಹೊತ್ತಿಗೆ ನಿಂತಿತು. 1989ರಲ್ಲಿ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಗಿದ್ದ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವುದಾಗಿ 2023ರ ಜನವರಿಯಲ್ಲಿ ಹೇಳಿದರು. ಕುಲುಮೆ ಮೊದಲು ಹೊತ್ತಿಕೊಂಡು ಸರಿಯಾಗಿ ನೂರು ವರ್ಷವಾಗಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು, ಅದೇ ವರ್ಷ ಸ್ವಲ್ಪ ಮಟ್ಟಿಗೆ ಉತ್ಪಾದನೆ ಮತ್ತೆ ಶುರುವಾಯಿತು. ಗುತ್ತಿಗೆಯವನ ಮಗಳಿಗೆ ಕಂಪನಿ ಶಾಲೆಯ ಕಾಲದ ಭರವಸೆ ಇಲ್ಲ. ಅವಳಿಗಿರುವುದು ಆದಾಯ ಪ್ರಮಾಣಪತ್ರ, ಒಂದು ಪೋರ್ಟಲು.

ಶಿವಮೊಗ್ಗ, ಭದ್ರಾವತಿಯ ಕಾಲೇಜುಗಳಲ್ಲಿ ಓದಿ ಇಂದು ಬೆಂಗಳೂರು, ಪುಣೆ, ಹೊರದೇಶಗಳಲ್ಲಿ ನೆಮ್ಮದಿಯಾಗಿರುವವರು ಕಡಿಮೆಯಿಲ್ಲ. ಹಳೆಯ ವಿದ್ಯಾರ್ಥಿ ಸಂಘದ ಸಭೆಯಲ್ಲಿ ಸೆಮಿನಾರ್ ಹಾಲಿಗೆ, ಕಮಾನಿಗೆ ದೇಣಿಗೆ ಎತ್ತುವಾಗ ನೀವು ಪ್ರಾಂಶುಪಾಲರನ್ನು ಎರಡು ಪ್ರಶ್ನೆ ಕೇಳಿ: ಸ್ಕಾಲರ್‌ಶಿಪ್ ಬರುವ ತನಕ ಶುಲ್ಕಕ್ಕೂ ಮೆಸ್ ಬಿಲ್ಲಿಗೂ ಕೈಗಡ ಕೊಡುವ ನಿಧಿ ಕಾಲೇಜಿನಲ್ಲಿ ಇದೆಯೇ? ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲಿ ಸಂಜೆಯ ಗಣಿತ ಪಾಠ ನಡೆಯುತ್ತದೆಯೇ? ಇಲ್ಲ ಎಂದರೆ ಕಮಾನು ಮುಂದಿನ ವರ್ಷಕ್ಕಿರಲಿ, ದುಡ್ಡನ್ನು ಇದಕ್ಕೆ ಕೊಡಿ.